ಅಕ್ಕ ಅರೆದ ಬೇರು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಯುವತಿ ಕುರ್ಚಿಯಲ್ಲಿ ಕೂರುವಾಗ ಹೊಟ್ಟೆ ಹಿಡಿದುಕೊಂಡಳು. ಕೆಲವು ತಿಂಗಳ ಹಿಂದೆ ತನ್ನ ಲಿವರಿನ ಒಂದು ಭಾಗವನ್ನು ಅಪ್ಪನಿಗೆ ಕೊಟ್ಟವಳು ಅವಳು. ಚೇತರಿಸಿಕೊಳ್ಳುತ್ತಿದ್ದ ಅಪ್ಪ ಈಗ ಮತ್ತೆ ಆಸ್ಪತ್ರೆ ಸೇರಿದ್ದರು.

"ಯಾರೋ ಅಪ್ಪನಿಗೆ ಬೇರಿನ ಕಷಾಯ ಕುಡಿಸ್ತಿದಾರೆ ಸರ್. ಹೊಸ ಲಿವರ್ ಮೈಗೆ ಒಗ್ಗಲಿ ಅಂತ ಕೊಡೋ ಮಾತ್ರೆ ಅದರಿಂದ ಹಿಡೀತಾನೇ ಇಲ್ಲವಂತೆ. ಡಾಕ್ಟರ್ ಬರೆದುಕೊಟ್ಟಿದಾರೆ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೆಬಲ್ ಜೊತೆ ಮನೆಗೆ ಹೋದರು. ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ನಡೆಸಿದರು. ಮಂಚದ ಹಿಂದೆ, ಕಿಟಕಿಯ ಮೂಲೆಯಲ್ಲಿ ಒಂದು ಸ್ಟೀಲ್ ಲೋಟ ಸಿಕ್ಕಿತು. ತಳದಲ್ಲಿ ಕಂದು ಗಸಿ. ಮೂಸಿದ ಕಾನ್‌ಸ್ಟೆಬಲ್ ಮುಖ ಕಿವುಚಿದಳು. ಲೋಟವನ್ನು ಸೀಲ್ ಮಾಡಿ ಲ್ಯಾಬಿಗೆ ಕಳಿಸಿದರು.

"ನೀವು ಕೆಲಸಕ್ಕೆ ಹೋದಾಗ ಅಪ್ಪನ ಹತ್ರ ಯಾರಿರ್ತಾರೆ?"

"ಅತ್ತೆ. ಅಪ್ಪನ ಅಕ್ಕ. ಆದ್ರೆ ಅವರಿಗೆ ಅಪ್ಪ ಅಂದ್ರೆ ಪ್ರಾಣ ಸರ್."

ಸಂಜೆ ಆಸ್ಪತ್ರೆಯಲ್ಲಿ ರೋಗಿಯ ವಿಚಾರಣೆ. ಕಣ್ಣು ಹಳದಿಗಟ್ಟಿತ್ತು.

"ಕಷಾಯ ಕೊಟ್ಟಿದ್ದು ಯಾರು?"

"ಯಾರೂ ಇಲ್ಲ. ನಾನೇ ಕುದಿಸ್ಕೊಂಡೆ."

"ಮೆಟ್ಟಿಲು ಇಳಿಯೋಕಾಗದವರು ಬೇರು ಎಲ್ಲಿಂದ ತಂದ್ರಿ?"

ಅವರು ಗೋಡೆ ಕಡೆ ಮುಖ ತಿರುಗಿಸಿದರು. ದನಿ ಹಗುರಾಯಿತು. "ಚಿಕ್ಕವನಿದ್ದಾಗ ಮೂಗು ಹಿಡಿದು ಕುಡಿಸ್ತಿದ್ಲು ಸರ್. ಆಮೇಲೆ ಅಂಗೈಗೆ ಒಂದು ಚಿಟಿಕೆ ಸಕ್ಕರೆ. ಆ ಸಕ್ಕರೆ ಆಸೆಗೆ ನಾನೇ ಇನ್ನೊಂದು ಗುಟುಕು ಕೇಳ್ತಿದ್ದೆ. ಈಗಲೂ ಹಾಗೇ..." ಅಷ್ಟಕ್ಕೇ ತುಟಿ ಕಚ್ಚಿಕೊಂಡರು.

ಲ್ಯಾಬ್ ವರದಿ ಗುರುವಾರ ಬಂತು. ಲೋಟದಲ್ಲಿದ್ದದ್ದು ಡಾಕ್ಟರ್ ಶಂಕಿಸಿದ್ದ ಬೇರೇ. ಹಿಂದಿನ ಬೀದಿಯ ಮನೆಯಲ್ಲಿ ಅಕ್ಕ ಬಾಗಿಲು ತೆರೆದರು. ಅರೆಯುವ ಕಲ್ಲಿಗೆ ಅದೇ ಕಂದು ಗಸಿ ಇನ್ನೂ ಅಂಟಿತ್ತು.

"ಡಾಕ್ಟರ್ ಬೇಡ ಅಂದಿರಲಿಲ್ವಾ ಅಮ್ಮಾ?"

"ಅಂದಿದ್ರು."

"ಗೊತ್ತಿದ್ದೂ ಕೊಟ್ರಾ?"

"ಅವನು ಸೊರಗಿ ಕಡ್ಡಿಯಾಗಿದ್ದ. ಕೈಕಟ್ಟಿ ಕೂರೋಕಾಗ್ಲಿಲ್ಲ."

"ಅದರಿಂದಲೇ ಜೀವ ಹೋಗ್ತಿತ್ತು."

"ಅವನು ಬದುಕ್ತಾನಾ? ಅಷ್ಟು ಹೇಳಿ, ಆಮೇಲೆ ಎಲ್ಲಿಗಾದ್ರೂ ಬರ್ತೀನಿ."

ಕಷಾಯ ನಿಂತ ಮೇಲೆ ಮಾತ್ರೆ ಹಿಡಿಯತೊಡಗಿದೆ ಎಂದು ಆ ಬೆಳಿಗ್ಗೆಯಷ್ಟೇ ಡಾಕ್ಟರ್ ತಿಳಿಸಿದ್ದರು. ಇನ್‌ಸ್ಪೆಕ್ಟರ್ ಅದನ್ನು ಹೇಳಿದ ನಂತರವೇ, ಪ್ರಾಣಕ್ಕೆ ಅಪಾಯ ತಂದ ಆರೋಪದ ಮೇಲೆ ಆಕೆಯನ್ನು ಬಂಧಿಸಿದರು. ಠಾಣೆಯಲ್ಲಿ ಸೋದರ ಸೊಸೆ ಎದುರಾದಳು. "ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದ್ದೆ ಅತ್ತೆ," ಎಂದಷ್ಟೇ ಹೇಳಿ, ಆಕೆಗೆ ಕುರ್ಚಿ ಎಳೆದುಕೊಟ್ಟಳು.

ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಂಡರು. ತಮ್ಮನಿಗೆ ಕಾಮಾಲೆಯಾದಾಗ ಆಕೆಗೆ ಹನ್ನೆರಡು ವರ್ಷ. ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದ್ದರು. ಅಜ್ಜಿ ತೋರಿಸಿದ್ದ ಬೇರನ್ನು ಅರೆದು ಕುಡಿಸಿದಳು. ಹುಡುಗ ಎದ್ದು ಓಡಾಡಿದ. ಆ ಚಳಿಗಾಲವಿಡೀ ಅಪ್ಪ, ಚಿಕ್ಕಪ್ಪಂದಿರು ಹುಡುಗನ ತಟ್ಟೆಗೆ ಏನು ಬಡಿಸುವಾಗಲೂ "ಇದು ಅವನಿಗೆ ಆಗುತ್ತೇನಮ್ಮಾ?" ಎಂದು ಅವಳನ್ನೇ ಕೇಳುತ್ತಿದ್ದರು.

ಆಮೇಲೆ ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.