ಇಪ್ಪತ್ಮೂರು ನೆಂಟರು, ನಾನೂರು ಲಗ್ನಪತ್ರಿಕೆ

ಹನ್ನೊಂದನೇ ತಾರೀಖು ಬೆಳಿಗ್ಗೆ 10.20ಕ್ಕೆ ಮದುವೆ ಹುಡುಗಿಯ ಅಪ್ಪ ಠಾಣೆಗೆ ಬಂದು, ಕುರ್ಚಿ ತೋರಿಸುವ ಮೊದಲೇ ಕುಳಿತುಬಿಟ್ಟರು. ಹಿಂದಿನ ಸಂಜೆ ಅಚ್ಚಾದ ನಾನೂರು ಲಗ್ನಪತ್ರಿಕೆ ಮುದ್ರಣಾಲಯದಿಂದ ಮಾಯವಾಗಿದ್ದವು. ಕಾಗದ ಅಪ್ಪನೇ ದೂರದಿಂದ ತರಿಸಿಕೊಟ್ಟದ್ದು. ಮತ್ತೆ ತರಿಸಲು ಒಂದು ತಿಂಗಳು. ಮದುವೆಗೆ ಹನ್ನೆರಡೇ ದಿನ.

"ಯಾರ ಮೇಲಾದ್ರೂ ಅನುಮಾನ?" ಎಂದರು ಇನ್ಸ್‌ಪೆಕ್ಟರ್.

"ಗಂಡಿನ ಚಿಕ್ಕಪ್ಪ. ನಾನು ಮಾತು ಶುರುಮಾಡಿದ್ರೆ ಸಾಕು, ಆಕಳಿಸ್ತಾನೆ."

ಇನ್ಸ್‌ಪೆಕ್ಟರ್ ತಮ್ಮ ಆಕಳಿಕೆ ನುಂಗಿಕೊಂಡು ಎಫ್‌ಐಆರ್ ಬರೆಸಿದರು.

ಮುದ್ರಣಾಲಯಕ್ಕೆ ಹೊರಟ ಜೀಪಿನಲ್ಲಿ ಹಿಂದಿನಿಂದ ಆ ಅಪ್ಪನದೇ ಗಂಟಲು ಗುಡುಗಿತು: "ನಾನು ಯಾರು ಗೊತ್ತೇನ್ರೀ?" ಇನ್ಸ್‌ಪೆಕ್ಟರ್ ಬೆಚ್ಚಿ ತಿರುಗಿದರೆ, ಅವರ ದನಿ ಅನುಕರಿಸಿದ ಕಾನ್‌ಸ್ಟೇಬಲ್ ಮೀಸೆಯೊಳಗೆ ನಗುತ್ತಿದ್ದ.

11.15, ಮುದ್ರಣಾಲಯ. ಒಂದೇ ಕೋಣೆ, ಕಾಲಲ್ಲಿ ತುಳಿಯುವ ಯಂತ್ರ, ಗೋಡೆಯುದ್ದ ಅಚ್ಚಿನ ಮೊಳೆಗಳ ಖಾನೆ. ಪಕ್ಕದ ದರ್ಜಿ, ಎದುರಿನ ಕ್ಷೌರಿಕ ಪಂಚರಾಗಿ ನಿಂತರು. ಪಂಚನಾಮೆ ಶುರುವಾಯಿತು. ಬೀಗ ಸರಿಯಿದೆ, ಕಿಟಕಿ ಸರಿಯಿದೆ. ಕಪಾಟಿನಲ್ಲಿ ತೆಳುಕಾಗದದ ಕಟ್ಟು ಮಾತ್ರ ಇಲ್ಲ.

"ಅದ್ಯಾಕೆ ಬೇಕು?" ಎಂದರು ಇನ್ಸ್‌ಪೆಕ್ಟರ್.

"ಮಸಿ ಒಣಗೋಕೆ ಒಂದು ದಿನ ಹಿಡಿಯುತ್ತೆ ಸಾರ್," ಎಂದ ಮುದ್ರಕ. "ಹಸಿ ಕಾರ್ಡು ಪೇರಿಸಿದ್ರೆ ಹಿಂಬದಿಗೆಲ್ಲ ಮೆತ್ಕೊಳ್ಳುತ್ತೆ. ಮಧ್ಯೆ ತೆಳುಕಾಗದ ಇಡಬೇಕು."

"ಅಂದ್ರೆ ಕಳ್ಳ ಇಲ್ಲೇ ಕೂತು ನಾನೂರು ಹಾಳೆ ಒಂದೊಂದಾಗಿ ಇಟ್ಟಿದಾನೆ."

"ನನ್ನ ಹೆಂಡತಿ ತವರಿಗೆ ಹೊರಡುವಾಗಲೂ ಸೀರೆ ಇಷ್ಟು ಜೋಪಾನ ಮಾಡಲ್ಲ ಸಾರ್," ಎಂದ ಕಾನ್‌ಸ್ಟೇಬಲ್.

ಮುದ್ರಕ ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಿದ್ದ.

"ಎಲ್ಲಿಟ್ಟಿದೀರಿ, ಯಜಮಾನ್ರೇ?"

ಅವನು ಬಗ್ಗಿ ಕೆಳಗಿನ ಖಾನೆ ಎಳೆದ. ನಾನೂರೂ ಇದ್ದವು, ಒಂದಕ್ಕೂ ಕಲೆಯಿಲ್ಲ. ಕಾರ್ಡಿನ ಮೇಲ್ಭಾಗದಲ್ಲಿ ಇಬ್ಬರ ಹೆಸರು, ದಿನ, ಸ್ಥಳ. ಕೆಳಗೆ ಅರ್ಧ ಕಾರ್ಡು ಖಾಲಿ.

ಠಾಣೆಗೆ ಬಂದ ಅಪ್ಪ ಸಿಡಿದರು. "ಆ ಖಾಲೀಲಿ ಇಪ್ಪತ್ಮೂರು ನೆಂಟರ ಹೆಸರು ಹಾಕು ಅಂದಿದ್ದೆ. ಇವತ್ತು ಎರಡನೇ ಅಚ್ಚು ಆಗಬೇಕಿತ್ತು."

"ಬೇಡ ಅಂದಿದ್ದೆ ಅಪ್ಪಾ," ಎಂದಳು ಜೊತೆಗೆ ಬಂದ ಮಗಳು. "ನಾಲ್ಕು ಮಧ್ಯಾಹ್ನ ಕೂತು ಒಂದೊಂದೇ ಅಕ್ಷರ ನಾನೇ ಆರಿಸಿದ್ದು."

"ನಿಮ್ಮತ್ತೆ ಹೆಸರಿಲ್ಲದ ಕಾರ್ಡನ್ನ ನಿಮ್ಮತ್ತೆಗೆ ಯಾವ ಮುಖ ಇಟ್ಕೊಂಡು ಕೊಡ್ಲಿ? ಸಾರ್, ಕೊಡಿ ಇಲ್ಲಿ, ಬೇರೆ ಕಡೆ ಹಾಕಿಸ್ತೀನಿ."

ಇನ್ಸ್‌ಪೆಕ್ಟರ್ ಕಾರ್ಡನ್ನು ಒಮ್ಮೆ ನೋಡಿದರು. ಹುಡುಗಿಯನ್ನೂ ನೋಡಿದರು.

"ಇದು ಈಗ ಜಪ್ತಿ ಮಾಲು, ಸ್ವಾಮಿ. ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಬಿಡಿಸ್ಕೊಂಡು ಹಂಚಿ, ನನ್ನ ತಕರಾರಿಲ್ಲ. ಒಂದಕ್ಷರ ಸೇರಿಸಿದ್ರೋ, ಸಾಕ್ಷ್ಯ ತಿದ್ದಿದ ಹಾಗೆ. ಆಮೇಲೆ ನಿಮ್ಮ ಹೆಸರಲ್ಲೇ ಎಫ್‌ಐಆರ್."

ಅಪ್ಪನ ಬಾಯಿ ತೆರೆದೇ ಇತ್ತು. ಕಾನ್‌ಸ್ಟೇಬಲ್‌ಗೆ ಅನುಕರಿಸಲು ಏನೂ ಸಿಗಲಿಲ್ಲ.

ಮಧ್ಯಾಹ್ನ 3.40ಕ್ಕೆ ನಂಬಿಕೆದ್ರೋಹದ ಆರೋಪದಲ್ಲಿ ಮುದ್ರಕನ ಬಂಧನವಾಯಿತು. ಹೇಳಿಕೆಯಲ್ಲಿ ಅವನು ಬರೆಸಿದ್ದು ಇಷ್ಟು: ಎರಡು ದಿನ ಬಚ್ಚಿಟ್ಟರೆ, ಹಂಚುವ ಅವಸರದಲ್ಲಿ ಎರಡನೇ ಅಚ್ಚಿಗೆ ಹೊತ್ತು ಉಳಿಯುವುದಿಲ್ಲ ಎಂದುಕೊಂಡೆ. ಮೂವತ್ತೊಂದು ವರ್ಷದಿಂದ ಬಂದವರೆಲ್ಲ ತುಂಬಿಸು ಎಂದೇ ಹೇಳಿದರು. ಖಾಲಿ ಬಿಡು ಎಂದವಳು ಈ ಹುಡುಗಿಯೊಬ್ಬಳೇ. ಅಂಥ ಕಾರ್ಡೊಂದು ಜನರ ಕೈಗೆ ಹೋಗಲಿ ಅನ್ನಿಸಿತು.

ಸಂಜೆ ಐದಕ್ಕೆ ಅವನಿಗೆ ಜಾಮೀನು ನಿಂತವಳೂ ಅವಳೇ.