ಷಿಬ್ರು ಮಾವನ ಮೊಳ

"ಕೈ ಬಚ್ಚಿಟ್ಕೋ ಮಾವ. ನಿನ್ನ ಕೈ ನೋಡಿದ್ರೆ ಯಾರೂ ಬಟ್ಟೆ ಮಾರಲ್ಲ," ಅಂದಳು ವುಬಿತ್, ಸಂತೆ ಹತ್ತಿರ ಬರುತ್ತಿದ್ದಂತೆ.

ಷಿಬ್ರು ಮಾವ ನಗುತ್ತಾ ಎರಡೂ ಕೈಯನ್ನು ಹೊದ್ದ ಬಟ್ಟೆಯೊಳಗೆ ಎಳೆದುಕೊಂಡ. ಆದರೂ ಬೆರಳುಗಳು ಹೊರಗೆ ಇಣುಕಿದವು. ಅಷ್ಟುದ್ದದ ಕೈ ಅವನದು. ಪಾದ್ರಿಗಳ ಪಾಠಕ್ಕೆ ಹೋದರೆ ಹುಡುಗರು, "ನಿಮ್ಮ ಮಾವ ಕೂತಲ್ಲೇ ಮರದ ಹಣ್ಣು ಕೀಳ್ತಾನಂತೆ?" ಅಂತ ವುಬಿತ್‌ಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಸಂತೆಯಲ್ಲಿ ಮಾತ್ರ ಆ ಕೈಗೆ ಎಲ್ಲಿಲ್ಲದ ಬೆಲೆ. ಆ ಕಾಲದಲ್ಲಿ ನಮ್ಮ ಬೆಟ್ಟದೂರು ಅಂಕೋಬರಿನಲ್ಲಿ ಬಟ್ಟೆಯನ್ನು ಮೊಳ ಹಾಕಿಯೇ ಮಾರುತ್ತಿದ್ದದ್ದು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಯಾರ ಕೈ? ಕೊಳ್ಳುವವರ ಕಡೆಯ ಕೈ. ಅದಕ್ಕೇ ಬಟ್ಟೆ ಬೇಕಾದವರೆಲ್ಲ ಮೊದಲು ಷಿಬ್ರುವಿನ ಬಾಗಿಲು ತಟ್ಟುತ್ತಿದ್ದರು.

ಇವತ್ತು ವುಬಿತ್‌ಳ ಸರದಿ. ಅಮ್ಮ ಒಂದು ಗಡಿಗೆ ಜೇನು ಕೊಟ್ಟು ಕಳಿಸಿದ್ದಳು. "ಇದಕ್ಕೆ ಹತ್ತು ಮೊಳ ಕೊಡ್ತಾರೆ. ಮಾವ ಅಳೆದ್ರೆ ಹಬ್ಬಕ್ಕೆ ನಿಂಗೂ ತಂಗಿಗೂ ಪಾದ ಮುಟ್ಟೋ ಅಂಗಿ. ಬೇರೆಯವರು ಅಳೆದ್ರೆ ನಿನ್ನದು ಮೊಣಕಾಲಿಗೇ ನಿಲ್ಲುತ್ತೆ."

ಪಾದ ಮುಟ್ಟುವ ಅಂಗಿಯನ್ನು ವುಬಿತ್ ಇದುವರೆಗೂ ತೊಟ್ಟಿರಲಿಲ್ಲ. ಆಸೆಯಿಂದ ಅವಳಿಗೆ ರಾತ್ರಿ ನಿದ್ದೆಯೇ ಬಂದಿರಲಿಲ್ಲ.

"ಬಂದನಪ್ಪ ಉದ್ದಗೈಯವನು. ನನ್ನ ಹತ್ರ ಬಟ್ಟೆ ಇಲ್ಲ," ಅಂತ ದಪ್ಪ ವ್ಯಾಪಾರಿಯೊಬ್ಬ ತನ್ನ ಬಟ್ಟೆಯ ಮೂಟೆಯ ಮೇಲೆಯೇ ಕೂತುಬಿಟ್ಟ. ಉಳಿದವರೂ ಹಾಗೇ ಮಾಡಿದರು.

ಕೊನೆಗೆ ಕೊಡಲು ಒಪ್ಪಿದ್ದು ಮುದುಕ ನೇಕಾರ ಲೆಮ್ಮಾ ಒಬ್ಬನೇ. ಮಳೆಗಾಲವಿಡೀ ಜ್ವರದಿಂದ ಮಲಗಿದ್ದ ಅವನು ನೇಯ್ದದ್ದು ಅದೊಂದೇ ಬಟ್ಟೆ. ಪಕ್ಕದಲ್ಲಿ ಅವನ ಪುಟ್ಟ ಮೊಮ್ಮಗ ಬರಿಮೈಯಲ್ಲಿ ಚಳಿಗೆ ಮುದುರಿ ಕೂತಿದ್ದ.

"ಹತ್ತು ಮೊಳ ಅಳೆದ್ಕೊಳ್ಳಪ್ಪ. ಏನಾದ್ರೂ ಉಳಿದ್ರೆ ಈ ಕೂಸಿಗೆ ಹೊದಿಸ್ತೀನಿ," ಅಂದ ಲೆಮ್ಮಾ. ಅವನ ಕಣ್ಣು ಮಂಜಾಗಿತ್ತು.

ಮಾವ ಮೊಣಕೈ ಊರಿ, ಬೆರಳು ಚಾಚಿ ಒಂದು ಮೊಳ ಹಾಕಿದ. ಆಮೇಲೆ ಮಗುವಿನ ಕಡೆ ನೋಡಿದ. ಎರಡನೇ ಮೊಳಕ್ಕೆ ಬೆರಳು ಮಡಚಿಕೊಂಡಿದ್ದವು. ಅಳತೆ ಮುಷ್ಟಿಗೇ ನಿಂತುಬಿಟ್ಟಿತು.

"ಮಾವ, ಬೆರಳು," ಅಂತ ವುಬಿತ್ ಪಿಸುಗುಟ್ಟಿದಳು.

"ಚಳಿಗೆ ಮರಗಟ್ಟಿವೆ, ಬಿಡು."

ಹತ್ತು ಮೊಳ ಮುಗಿಯುವವರೆಗೂ ಬೆರಳು ಬಿಚ್ಚಿಕೊಳ್ಳಲೇ ಇಲ್ಲ.

ಮನೆಯ ದಾರಿಯಲ್ಲಿ ಅದೇ ಬೆರಳುಗಳಿಂದ ಮಾವ ಹುರಿದ ಬಾರ್ಲಿಯನ್ನು ಚಕಚಕ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ವುಬಿತ್ ಅವನ ಹತ್ತಿರ ಮಾತು ಬಿಟ್ಟಳು. ಅಳು ತಡೆಯಲಾಗುತ್ತಿರಲಿಲ್ಲ.

ಹಬ್ಬದ ದಿನ ಅಂಗಿ ಮೊಣಕಾಲಿಗೇ ನಿಂತಿತು. ಹೊಳೆಗೆ ಹೋಗುವ ದಾರಿಯಲ್ಲಿ ಪಾಠದ ಹುಡುಗರು ಅಡ್ಡ ಬಂದರು.

"ಏನೇ, ನಿಮ್ಮ ಮಾವನ ಕೈ ಗಿಡ್ಡ ಆಗೋಯ್ತಾ?"

ಅಷ್ಟರಲ್ಲಿ ಎದುರಿಗೆ ಲೆಮ್ಮಾ ಬಂದ. ಹೆಗಲ ಮೇಲೆ ಮೊಮ್ಮಗ. ಅವಳ ಅಂಗಿಯದೇ ಬಿಳೀ ಬಟ್ಟೆಯನ್ನು ಕಿವಿಯವರೆಗೂ ಹೊದ್ದು ಬೆಚ್ಚಗೆ ಕೂತಿದ್ದ.

ವುಬಿತ್ ಅವರು ದಾಟಿ ಹೋಗುವವರೆಗೂ ನೋಡುತ್ತಾ ನಿಂತಳು. ಎಂಥಾ ಮಾವ ನನಗೆ, ಅನ್ನಿಸಿ ಅವಳ ಎದೆ ತುಂಬಿ ಬಂತು.

"ಹೂಂ ಕಣ್ರೋ," ಅಂದಳು ಹುಡುಗರಿಗೆ. "ನಮ್ಮ ಮಾವನ ಕೈ ಬೇಕಾದಾಗ ಉದ್ದ ಆಗುತ್ತೆ, ಬೇಕಾದಾಗ ಗಿಡ್ಡ ಆಗುತ್ತೆ. ನಿಮ್ಮ ಮಾವಂದಿರದು ಆಗುತ್ತಾ?"