ನೂರನೆಯ ತಾಳೆ

ಫಕೀರಪ್ಪನ ತಲೆಗೆ ತಂತಿಗಳ ಟೊಪ್ಪಿಗೆ ತೊಡಿಸಿ ಏಳು ನಿಮಿಷವಾಗುವುದರೊಳಗೆ ‘ಮನೋಲೇಖಿ’ ಯಂತ್ರ ಚೀಟಿಯನ್ನು ಹೊರಗೆ ತಳ್ಳಿತು: “ಅಪಘಾತದ ಭಯ. ಆಪ್ತಸಮಾಲೋಚನೆ ಸಾಕು.” ಜಿಲ್ಲಾಸ್ಪತ್ರೆಯ ಹಿರಿಯ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ ಡಾ. ಅನಸೂಯಾ ಹೊಂಬಳ ಮೊದಲೇ ಬರೆದು ಲಕೋಟೆಯಲ್ಲಿ ಮುಚ್ಚಿಟ್ಟಿದ್ದುದೂ ಇದೇ. ಯಂತ್ರದ ನಿರ್ಮಾಪಕ, ವಿಜ್ಞಾನಿ ಪ್ರಹ್ಲಾದ ಕಟ್ಟಿಯವರ ಮುಖ ಅರಳಿತು.

ಮನಸ್ಸು ಒಂದು ಮಾತನ್ನು ಗಟ್ಟಿಯಾಗಿ ನಂಬಿದಾಗ ಮಿದುಳಿನಿಂದ ನಿಶ್ಚಯ ತರಂಗಗಳು ಹೊಮ್ಮುತ್ತವೆ, ಮನೋಲೇಖಿ ಅವನ್ನು ಹಿಡಿದು ಬರಹಕ್ಕಿಳಿಸುತ್ತದೆ. ನೂರು ರೋಗಿಗಳ ವಿಷಯದಲ್ಲಿ ಅದರ ತೀರ್ಪು ಅನಸೂಯಾ ಅವರದಕ್ಕೆ ತಾಳೆಯಾದರೆ ಸರ್ಕಾರ ಅವರ ಹುದ್ದೆಯನ್ನೇ ರದ್ದುಮಾಡಲಿತ್ತು. ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ಎಂ.ಫಿಲ್., ನೋಂದಣಿ, ಹತ್ತು ವರ್ಷದ ಸೇವೆ ಬೇಡುವ ಹುದ್ದೆ ಅದು. ತೊಂಬತ್ತೊಂಬತ್ತು ತಾಳೆಯಾಗಿದ್ದವು, ಫಕೀರಪ್ಪ ನೂರನೆಯವನು. ಒಬ್ಬೊಬ್ಬ ರೋಗಿಯನ್ನೂ ಮೂರು ಸಲ ಓದಿಸಿ ಕೊನೆಯದನ್ನು ದಾಖಲಿಸಬೇಕೆಂಬುದು ನಿಯಮ.

ಅನಸೂಯಾ ಅವರಿಗೆ ಅನುಮಾನ ಹುಟ್ಟಿದ್ದು ಯಂತ್ರದ ಜಾಣತನದಿಂದಲ್ಲ, ತಪ್ಪಿನಿಂದ. ಹಿಂದಿನ ವಾರ ಒಬ್ಬ ಶಿಕ್ಷಕಿಗೆ ಖಿನ್ನತೆ ಎಂದು ಅವರು ಬರೆದಿದ್ದರು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಎಂದು ಗೊತ್ತಾಯಿತು. ಯಂತ್ರವೂ ಖಿನ್ನತೆ ಎಂದೇ ಬರೆದಿತ್ತು. ಪಕ್ಕದವರ ಉತ್ತರ ನಕಲು ಮಾಡುವವರು ಸಿಕ್ಕಿಬೀಳುವುದು ಹೀಗೆಯೇ.

ಫಕೀರಪ್ಪ ಬಸ್ ಚಾಲಕ. ಎಂಟು ತಿಂಗಳ ಹಿಂದೆ ಸಂಜೆ ಸೇತುವೆಯ ಗೋಡೆಗೆ ಬಸ್ ಗುದ್ದಿಸಿದ್ದ. ಯಾರಿಗೂ ಏನೂ ಆಗಲಿಲ್ಲ, ಆದರೆ ಅಂದಿನಿಂದ ಅವನು ಬಾಯಿ ಬಿಟ್ಟಿರಲಿಲ್ಲ. ಅವನನ್ನು ಹುಚ್ಚಾಸ್ಪತ್ರೆಗೆ ಸೇರಿಸುವುದೋ ಮತ್ತೆ ಕೆಲಸಕ್ಕೆ ಕಳಿಸುವುದೋ ಎಂಬುದು ಈ ಚೀಟಿಯಿಂದ ತೀರ್ಮಾನವಾಗಬೇಕಿತ್ತು. ಜೊತೆಗೆ ಬಂದ ಅಣ್ಣ ಈರಪ್ಪ ಕೇಳಿದ್ದಕ್ಕೂ ಕೇಳದ್ದಕ್ಕೂ ತಾನೇ ಉತ್ತರ ಕೊಡುತ್ತಿದ್ದ.

ಎರಡನೆಯ ಓದಿಗೆ ಅನಸೂಯಾ ಎದ್ದು ವರಾಂಡಕ್ಕೆ ಹೋದರು. ಈ ಸಲದ ಚೀಟಿ: “ಹುಚ್ಚು ಹಿಡಿದಿದೆ. ದೊಡ್ಡ ಆಸ್ಪತ್ರೆಗೆ ಹಾಕುವುದೇ ವಾಸಿ.” ಬೆಳಗಿನಿಂದ ಈರಪ್ಪ ಎಲ್ಲರೆದುರು ಹೇಳುತ್ತಿದ್ದ ಮಾತು.

“ಕಟ್ಟಿಯವರ, ನಿಮ್ಮ ಯಂತ್ರ ರೋಗೀನ್ನ ಓದೂದಿಲ್ರಿ,” ಎಂದರು ಅನಸೂಯಾ. “ಕೋಣ್ಯಾಗ ಯಾರಿಗೆ ಭಾಳ ಖಾತ್ರಿ ಐತಿ, ಅವರನ್ನ ಓದತೈತಿ.”

“ಟೊಪ್ಪಿಗಿ ಅವನ ತಲೀ ಮ್ಯಾಲ ಅದ ಅಲ್ರಿ ಮೇಡಮ್,” ಎಂದರು ಕಟ್ಟಿ.

ಅನಸೂಯಾ ಈರಪ್ಪನನ್ನು ಹೊರಗೆ ಕಳಿಸಿದರು. ಕಟ್ಟಿಯವರನ್ನೂ ಕಳಿಸಿದರು. ರೋಗಿಯ ಬಗ್ಗೆ ಇಲ್ಲದಿದ್ದರೂ ತಮ್ಮ ಯಂತ್ರದ ಬಗ್ಗೆ ಅವರಿಗಿದ್ದಷ್ಟು ಖಾತ್ರಿ ಆ ಕಟ್ಟಡದಲ್ಲಿ ಬೇರೆ ಯಾರಿಗೂ ಇರಲಿಲ್ಲ. ಕೊನೆಗೆ ತಾವೂ ಹೊರಬಂದು ಬಾಗಿಲು ಮುಂದೆಳೆದುಕೊಂಡರು.

ಏಳು ನಿಮಿಷದ ಮೇಲೆ ಒಳಗೆ ಹೋದಾಗ ಮೂರನೆಯ ಚೀಟಿ ಬಂದಿತ್ತು. ಓದಿದ ಅನಸೂಯಾ ಅವರಿಗೆ ನಾಚಿಕೆಯಾಯಿತು. ಅದನ್ನು ಫಕೀರಪ್ಪನ ಕೈಗೆ ಕೊಟ್ಟರು. ಅವನು ಮೂಗಿನ ಹತ್ತಿರ ಹಿಡಿದ, ಕಿಟಕಿಯ ಬೆಳಕಿಗೆ ತಿರುಗಿಸಿದ, ಮತ್ತೆ ಮಡಿಲಲ್ಲಿಟ್ಟುಕೊಂಡ.

“ನೀವ ಓದಿ ಹೇಳ್ರಿ ಅಕ್ಕಾರ,” ಎಂದ. ಎಂಟು ತಿಂಗಳಲ್ಲಿ ಅದೇ ಅವನ ಮೊದಲ ಮಾತು.

ಚೀಟಿಯಲ್ಲಿದ್ದುದು ಇಷ್ಟು: “ಕಣ್ಣು ಕಾಣುವುದಿಲ್ಲ. ಬಾಯಿ ಬಿಟ್ಟರೆ ಸ್ಟೇರಿಂಗ್ ಕಸಿದುಕೊಳ್ಳುತ್ತಾರೆ.”

ಅದು ಕಣ್ಣಿನ ಪೊರೆ. ಶಸ್ತ್ರಚಿಕಿತ್ಸೆಯಾದ ಮೇಲೆ ಫಕೀರಪ್ಪನಿಗೆ ಬಸ್ ಮರಳಿ ಸಿಕ್ಕಿತು.

ನೂರನೆಯ ಸಾಲಿನಲ್ಲಿ ಅನಸೂಯಾ ‘ತಾಳೆಯಾಗಿಲ್ಲ’ ಎಂದು ಬರೆದು, ತಪ್ಪಿದ್ದು ತಾನು, ಯಂತ್ರವಲ್ಲ ಎಂದು ಕೆಳಗೆ ಸೇರಿಸಿದರು. ಇಲಾಖೆಯವರು ಮೇಲಿನ ಸಾಲನ್ನಷ್ಟೇ ಓದಿದರು. ತಾನು ಓದಬೇಕಾದ ಮನಸ್ಸನ್ನು ಮೊದಲ ಬಾರಿಗೆ ಓದಿದ ಯಂತ್ರ ಅನುತ್ತೀರ್ಣವಾಗಿ ಉಗ್ರಾಣ ಸೇರಿತು. ಅನಸೂಯಾ ಅವರ ಹುದ್ದೆ ಉಳಿಯಿತು. ಅಂದಿನಿಂದ ಅವರು ಯಾವ ರೋಗಿಯ ಬಗ್ಗೆ ತೀರ್ಪು ಬರೆಯುವ ಮೊದಲೂ ಒಮ್ಮೆ ಎದ್ದು ವರಾಂಡಕ್ಕೆ ಹೋಗಿ ಬರುತ್ತಾರೆ.